ದಿಮ್ಮಿ ವಿಂಗಡಣೆ ಯಾರ್ಡು: ಕಟ್ಟುವ ಮುನ್ನ ಲೆಕ್ಕ ಹಾಕಿ

(ಕಾಫಿ ಬೆಳೆಗಾರರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಇಲ್ಲದ ತೋಟ ಅಪರೂಪ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ಬಂದ ಈ ಮರ ಕಾಫಿಗೆ ನೆರಳು ಕೊಡುತ್ತದೆ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದಾಗ ಕೈಗೆ ಕಾಸನ್ನೂ ತರುತ್ತದೆ. ಮಗಳ ಮದುವೆಗೋ, ಮನೆ ಕಟ್ಟುವುದಕ್ಕೋ, ಕಾಫಿಯ ಬೆಲೆ ಬಿದ್ದ ವರ್ಷ ಸಾಲ ತೀರಿಸುವುದಕ್ಕೋ ನಾವು ಈ ಮರವನ್ನೇ ನೆಚ್ಚಿಕೊಳ್ಳುತ್ತೇವೆ. ಹಾಗಿದ್ದರೂ ಮರ ಮಾರುವಾಗ ನಾವು ತೋರುವ ಜಾಗರೂಕತೆ ಕಾಫಿ ಮಾರುವಾಗ ತೋರುವುದರ ಕಾಲು ಭಾಗವೂ ಇಲ್ಲ.

ಕಾಫಿಯನ್ನು ಕ್ಯೂರಿಂಗ್ ಮಾಡಿಸಿದಾಗ ಎ, ಬಿ, ಸಿ, ಪೀಬೆರಿ ಎಂದು ಬೇರೆ ಬೇರೆ ದರ್ಜೆ ಮಾಡುತ್ತಾರೆ. ಶಿವಮೊಗ್ಗದ ಅಡಿಕೆ ಪೇಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ರಾಶಿ ಬೇರೆ, ಬೆಲೆ ಬೇರೆ. ಮರದ ವಿಚಾರದಲ್ಲಿ ಮಾತ್ರ ವ್ಯಾಪಾರಿ ತೋಟದಲ್ಲಿ ಒಂದು ಸುತ್ತು ಹಾಕಿ, ನಿಂತ ಮರಗಳನ್ನು ಕಣ್ಣಂದಾಜಿನಲ್ಲಿ ನೋಡಿ, ಇಡಿಯಾಗಿ ಇಷ್ಟು ಎಂದು ಹೇಳುತ್ತಾನೆ. ನಾವು ಸ್ವಲ್ಪ ಚೌಕಾಸಿ ಮಾಡಿ ಒಪ್ಪುತ್ತೇವೆ. ದಪ್ಪ ಬುಡದ ನೇರ ತುಂಡು ಪ್ಲೈವುಡ್ ಕಾರ್ಖಾನೆಗೂ, ಮಧ್ಯದ ತುಂಡು ಸಾಮಿಲ್ಲಿಗೂ, ತುದಿಯ ಸಣ್ಣ ತುಂಡು ಬೇರೆ ಕೆಲಸಕ್ಕೂ ಹೋಗುತ್ತದೆ. ಈ ವಿಂಗಡಣೆಯ ಲಾಭವೆಲ್ಲ ವ್ಯಾಪಾರಿಯದು.

ಇದನ್ನು ಕಂಡು, ಬೆಳೆಗಾರರೇ ಸೇರಿ ದಿಮ್ಮಿ ವಿಂಗಡಿಸುವ ಒಂದು ಯಾರ್ಡನ್ನು ಏಕೆ ಮಾಡಬಾರದು ಎಂಬ ಪ್ರಶ್ನೆ ಹಲವರು ಕೇಳುತ್ತಿದ್ದಾರೆ. ವಿಚಾರ ಒಳ್ಳೆಯದೇ. ಆದರೆ ಯಾರ್ಡು ಕಟ್ಟಿದ ಮಾತ್ರಕ್ಕೆ ಲಾಭ ಬರುವುದಿಲ್ಲ. ಸರಿಯಾದ ಲೆಕ್ಕವಿಲ್ಲದೆ ಕಟ್ಟಿದ ಯಾರ್ಡು ಮಳೆಗಾಲದಲ್ಲಿ ಕೆಸರಿನ ಹೊಂಡವಾಗಿ, ಬೇಸಿಗೆಯಲ್ಲಿ ಸಾಲದ ಹೊರೆಯಾಗಿ ಉಳಿಯುತ್ತದೆ. ಆದ್ದರಿಂದ ಹಣ ಹಾಕುವ ಮೊದಲು ಏನೇನು ಲೆಕ್ಕ ಹಾಕಬೇಕು ಎಂಬುದನ್ನು ಈ ದಿನ ಒಂದೊಂದಾಗಿ ನೋಡೋಣ.

ಯಾರ್ಡು ಎಂದರೇನು?

ಯಾರ್ಡು ಮರಕ್ಕೆ ಕಣವಿದ್ದಂತೆ. ಕಣದಲ್ಲಿ ಭತ್ತ ತೂರಿ ಕಾಳು, ಜೊಳ್ಳು, ಹುಲ್ಲು ಬೇರೆ ಮಾಡುವಂತೆ ಇಲ್ಲಿ ತೋಟಗಳಿಂದ ಬಂದ ದಿಮ್ಮಿಗಳನ್ನು ಇಳಿಸಿ, ಅಳೆದು, ಬೇಕಾದಲ್ಲಿ ಅಡ್ಡ ಕತ್ತರಿಸಿ, ದರ್ಜೆವಾರು ಪೇರಿಸಿ, ಲಾಟು ಮಾಡಿ ಮಾರುತ್ತಾರೆ. ಅರಣ್ಯ ಇಲಾಖೆಯ ನಾಟಾ ಡಿಪೋಗಳಲ್ಲಿ ಲಾಟು ಮಾಡಿ ಹರಾಜು ಹಾಕುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕ್ರಮ ಅದೇ. ಆದರೆ ಇಲ್ಲಿ ಮರ ನಮ್ಮದು, ಖರ್ಚು ನಮ್ಮದು, ನಷ್ಟವಾದರೆ ಅದೂ ನಮ್ಮದೇ.

ಯಾರ್ಡು ಮರದ ಗುಣವನ್ನು ಹೆಚ್ಚಿಸುವುದಿಲ್ಲ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಡೊಂಕು ಮರ ಯಾರ್ಡಿಗೆ ಬಂದರೂ ಡೊಂಕೇ. ಒಳ್ಳೆಯ ತುಂಡನ್ನು ಕೆಟ್ಟದರ ಜೊತೆಯಿಂದ ಬಿಡಿಸಿ, ಅದಕ್ಕೆ ಹೆಚ್ಚು ಬೆಲೆ ಕೊಡುವವನ ಮುಂದೆ ಇಡುವುದಷ್ಟೇ ಯಾರ್ಡಿನ ಕೆಲಸ. ಹಾಗೆ ಬಿಡಿಸುವುದರಿಂದ ಬರುವ ಹೆಚ್ಚುವರಿ ಹಣವು ಬಿಡಿಸುವ ಖರ್ಚಿಗಿಂತ ಹೆಚ್ಚಾಗಿದ್ದರೆ ಮಾತ್ರ ಯಾರ್ಡು ಬೇಕು.

ಮೊದಲು ಅಳತೆ ತಿಳಿಯಿರಿ

ದರದ ಮಾತಿಗಿಂತ ಮೊದಲು ಅಳತೆಯ ಮಾತು. ನಮ್ಮ ಮರದ ವ್ಯಾಪಾರದಲ್ಲಿ ಬಳಕೆಯಲ್ಲಿರುವುದು ಕಾಲು ಸುತ್ತಳತೆಯ ಲೆಕ್ಕ, ಅಂದರೆ ಹೊಪ್ಪಸ್ ಅಳತೆ. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ಅಂಗುಲದಲ್ಲಿ ಅಳೆದು, ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 144ರಿಂದ ಭಾಗಿಸಿ, ಅಡಿಗಳಲ್ಲಿರುವ ಉದ್ದದಿಂದ ಗುಣಿಸಬೇಕು.

ಉದಾಹರಣೆಗೆ 10 ಅಡಿ ಉದ್ದ, ನಡುವೆ 48 ಅಂಗುಲ ಸುತ್ತಳತೆಯ ದಿಮ್ಮಿ. 48ರ ಕಾಲು ಭಾಗ 12. 12ನ್ನು 12ರಿಂದ ಗುಣಿಸಿದರೆ 144. ಅದನ್ನು 144ರಿಂದ ಭಾಗಿಸಿದರೆ 1. ಉದ್ದ 10 ಅಡಿಯಾದ್ದರಿಂದ ಒಟ್ಟು 10 ಘನ ಅಡಿ. ಆದರೆ ಅದೇ ದಿಮ್ಮಿಯಲ್ಲಿ ನಿಜವಾಗಿ ಇರುವ ಮರ ಸುಮಾರು 12.7 ಘನ ಅಡಿ. ಹೊಪ್ಪಸ್ ಲೆಕ್ಕದಲ್ಲಿ ನೂರಕ್ಕೆ ಸುಮಾರು 21 ಭಾಗ ಕಡಿಮೆ ತೋರುತ್ತದೆ. ಇದು ಮೋಸವಲ್ಲ, ವ್ಯಾಪಾರದ ರೂಢಿ. ಎರಡು ಅಳತೆಗಳ ದರವನ್ನು ಬೆರೆಸಿದರೆ ಮಾತ್ರ ಮೋಸ ಹೋಗುತ್ತೇವೆ.

ಕಾರ್ಖಾನೆಯವರು ನಿಜವಾದ ಘನ ಮೀಟರಿಗೆ 8,322 ರೂಪಾಯಿ ಕೊಡುತ್ತೇವೆ ಎಂದರು ಎನ್ನೋಣ. ಒಂದು ಘನ ಮೀಟರೆಂದರೆ 27.74 ಹೊಪ್ಪಸ್ ಘನ ಅಡಿ. ಭಾಗಿಸಿದರೆ ಹೊಪ್ಪಸ್ ಅಡಿಗೆ 300 ರೂಪಾಯಿ ಬಿತ್ತು. ಇದನ್ನು ಅರಿಯದೆ ಸಾಮಾನ್ಯ ಘನ ಅಡಿಯಂತೆ 35.3ರಿಂದ ಭಾಗಿಸಿದರೆ 236 ರೂಪಾಯಿ ಮಾತ್ರ ಎಂದು ಕಾಣುತ್ತದೆ. ಆಗ ಒಳ್ಳೆಯ ಗಿರಾಕಿಯನ್ನೇ ಕಡಿಮೆ ದರದವನೆಂದು ಬಿಟ್ಟುಬಿಡುತ್ತೇವೆ.

ಟೇಪು ಹಿಡಿಯುವುದರಲ್ಲಿಯೂ ಎಚ್ಚರಿಕೆ ಬೇಕು. 48 ಅಂಗುಲ ಇರುವಲ್ಲಿ 46 ಎಂದು ಬರೆದರೆ ಎರಡೇ ಅಂಗುಲದ ವ್ಯತ್ಯಾಸ ಎನಿಸುತ್ತದೆ. ಆದರೆ ಸುತ್ತಳತೆ ಎರಡು ಸಲ ಗುಣಾಕಾರಕ್ಕೆ ಬರುವುದರಿಂದ ನೂರಕ್ಕೆ 8 ರೂಪಾಯಿ ಹೋಯಿತು. ಯಾರ್ಡಿನಿಂದ ಬರುವ ಮೊದಲ ಪ್ರಯೋಜನ ಇದೇ. ನಮ್ಮ ಟೇಪು, ನಮ್ಮ ಗುಮಾಸ್ತ, ನಮ್ಮ ಪುಸ್ತಕ. ಆದರೆ ಇಷ್ಟು ಪ್ರಯೋಜನ ಪಡೆಯಲು ಯಾರ್ಡೇ ಬೇಕೆಂದಿಲ್ಲ, ಒಂದು ಟೇಪೂ ಸಾಕು ಎಂಬುದನ್ನು ನೆನಪಿಡಿ.

ವಿಂಗಡಣೆಯಿಂದ ಎಷ್ಟು ಹೆಚ್ಚು ಸಿಗುತ್ತದೆ?

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಮುಂದೆ ಹೇಳುವ ದರಗಳೆಲ್ಲ ಲೆಕ್ಕ ತೋರಿಸುವ ಸಲುವಾಗಿ ಇಟ್ಟುಕೊಂಡವು. ಅವು ಪೇಟೆಯ ಧಾರಣೆಯಲ್ಲ. ನಿಮ್ಮ ಊರಿನ ದರ ಹಾಕಿ ಇದೇ ಲೆಕ್ಕವನ್ನು ನೀವೇ ಮಾಡಿ ನೋಡಬೇಕು.

ತೋಟದ ರಸ್ತೆಯ ಬದಿಯಲ್ಲಿ ಮಿಶ್ರ ದಿಮ್ಮಿಯನ್ನು ಹಾಗೆಯೇ ಮಾರಿದರೆ ಘನ ಅಡಿಗೆ 300 ರೂಪಾಯಿ ಎನ್ನೋಣ. 100 ಘನ ಅಡಿಗೆ 30,000 ರೂಪಾಯಿ. ಅದೇ 100 ಅಡಿಯನ್ನು ವಿಂಗಡಿಸಿದರೆ:

ಪ್ಲೈವುಡ್ಡಿಗೆ ಯೋಗ್ಯವಾದ ದಪ್ಪ, ನೇರ ತುಂಡು 30 ಅಡಿ, 500ರಂತೆ — ರೂ. 15,000
ಸಾಮಿಲ್ಲಿಗೆ ಯೋಗ್ಯವಾದದ್ದು 40 ಅಡಿ, 380ರಂತೆ — ರೂ. 15,200
ಸಣ್ಣ ಸುತ್ತಳತೆಯದು 20 ಅಡಿ, 250ರಂತೆ — ರೂ. 5,000
ಪೊಟರೆ, ಡೊಂಕು, ಸೌದೆ 10 ಅಡಿ, 130ರಂತೆ — ರೂ. 1,300
ಒಟ್ಟು — ರೂ. 36,500

ಹೆಚ್ಚಿಗೆ ಬಂದದ್ದು 6,500 ರೂಪಾಯಿ, ಅಂದರೆ ಘನ ಅಡಿಗೆ 65 ರೂಪಾಯಿ. ಇಲ್ಲಿಗೆ ಲೆಕ್ಕ ನಿಲ್ಲಿಸಿದರೆ ಯಾರ್ಡು ಚಿನ್ನದ ಗಣಿಯಂತೆ ಕಾಣುತ್ತದೆ. ಹಲವರು ನಿಲ್ಲಿಸುವುದು ಇಲ್ಲಿಯೇ.

ಪ್ರತಿ ಅಡಿಯ ಮೇಲೆ ಬೀಳುವ ಖರ್ಚು

ದಿಮ್ಮಿ ಯಾರ್ಡಿಗೆ ಬರಬೇಕಾದರೆ ಒಂದು ಸಾಗಣೆ ಹೆಚ್ಚಾಯಿತು. ಮೊದಲು ತೋಟದಿಂದ ನೇರವಾಗಿ ಕಾರ್ಖಾನೆಗೆ ಹೋಗುತ್ತಿದ್ದುದು ಈಗ ದಾರಿಯಲ್ಲಿ ಇಳಿದು ಮತ್ತೆ ಏರಬೇಕು. ಆ ಹೆಚ್ಚುವರಿ ಸಾಗಣೆಗೆ 15 ರೂಪಾಯಿ, ಇಳಿಸಿ, ಕತ್ತರಿಸಿ, ಪೇರಿಸಿ, ಮತ್ತೆ ತುಂಬುವುದಕ್ಕೆ 25 ರೂಪಾಯಿ, ತುದಿ ಸೀಳು, ಬೂಷ್ಟು, ಹುಳು, ಕಳವು ಇವುಗಳ ನಷ್ಟಕ್ಕೆ 10 ರೂಪಾಯಿ ಎಂದಿಟ್ಟುಕೊಂಡರೆ ಘನ ಅಡಿಗೆ 50 ರೂಪಾಯಿ ಆಯಿತು. 65ರಲ್ಲಿ 50 ಕಳೆದರೆ ಉಳಿಯುವುದು 15 ರೂಪಾಯಿ.

ಮರ ಬರಲಿ, ಬಾರದಿರಲಿ ತಪ್ಪದ ಖರ್ಚು

ನೆಲ ಸಮ ಮಾಡಿ ಗರಸು ಹಾಕಿ ಚರಂಡಿ ತೆಗೆಯಲು 8 ಲಕ್ಷ, ಷೆಡ್ಡು ಮತ್ತು ಬೇಲಿಗೆ 4 ಲಕ್ಷ, ದಿಮ್ಮಿ ಎತ್ತುವ ಸಾಧನವಿರುವ ಹಳೆಯ ಟ್ರ್ಯಾಕ್ಟರಿಗೆ 6 ಲಕ್ಷ, ಗರಗಸ, ಟೇಪು, ಸರಪಳಿ ಮುಂತಾದವಕ್ಕೆ 2 ಲಕ್ಷ. ಒಟ್ಟು ಬಂಡವಾಳ 20 ಲಕ್ಷ ಎನ್ನೋಣ. ಇದಲ್ಲದೆ ಮರ ತಂದ ಬೆಳೆಗಾರನಿಗೆ ಮುಂಗಡ ಕೊಡಲು ಹಂಗಾಮಿನಲ್ಲಿ 10 ಲಕ್ಷ ದುಡಿಯುವ ಬಂಡವಾಳ ಬೇಕು. ಆಗ ವರ್ಷದ ಖರ್ಚು ಹೀಗಿರುತ್ತದೆ:

ಸವಕಳಿ, 10 ವರ್ಷಕ್ಕೆ ಹಂಚಿ — ರೂ. 2,00,000
20 ಲಕ್ಷಕ್ಕೆ ಶೇಕಡ 12ರಂತೆ ಬಡ್ಡಿ — ರೂ. 2,40,000
10 ಲಕ್ಷಕ್ಕೆ 6 ತಿಂಗಳ ಬಡ್ಡಿ — ರೂ. 60,000
ನೆಲದ ಬಾಡಿಗೆ — ರೂ. 60,000
ಗುಮಾಸ್ತ ಮತ್ತು ಕಾವಲುಗಾರನ ಸಂಬಳ — ರೂ. 3,00,000
ವಿಮೆ, ರಿಪೇರಿ, ಲೆಕ್ಕ ತಪಾಸಣೆ — ರೂ. 40,000
ಒಟ್ಟು — ರೂ. 9,00,000

ನೆಲ ನಮ್ಮದೇ ಆಗಿದ್ದರೂ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಆ ನೆಲದಲ್ಲಿ ಬೇರೆ ಏನಾದರೂ ಬೆಳೆಯಬಹುದಿತ್ತಲ್ಲವೇ?

ಲಾಭ-ನಷ್ಟದ ಗೆರೆ

9,00,000 ರೂಪಾಯಿಯನ್ನು ಅಡಿಗೆ 15 ರೂಪಾಯಿಯಂತೆ ತುಂಬಿಸಬೇಕಾದರೆ ವರ್ಷಕ್ಕೆ 60,000 ಘನ ಅಡಿ ಮರ ಯಾರ್ಡಿನಲ್ಲಿ ಹಾದುಹೋಗಬೇಕು. ಲಾರಿಗೆ 300 ಅಡಿಯಂತೆ 200 ಲಾರಿ. ಇಷ್ಟಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 90,000 ಅಡಿ ಬಂದರೆ ನಾಲ್ಕೂವರೆ ಲಕ್ಷ ಲಾಭ. ಸವಕಳಿಯ 2 ಲಕ್ಷವೂ ಕೈಯಲ್ಲೇ ಉಳಿಯುವುದರಿಂದ ಹಾಕಿದ 20 ಲಕ್ಷ ಸುಮಾರು 3 ವರ್ಷದಲ್ಲಿ ಹಿಂದಿರುಗುತ್ತದೆ. 45,000 ಅಡಿ ಮಾತ್ರ ಬಂದರೆ ವರ್ಷಕ್ಕೆ ಎರಡೂಕಾಲು ಲಕ್ಷ ನಷ್ಟ.

ಈಗ ನಮ್ಮ ಮಲೆನಾಡಿನ ಕಾಲಮಾನ ನೋಡಿ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುತ್ತಿದ್ದಂತೆ ರೊಬಸ್ಟಾ ಕೊಯ್ಲು. ಆಗ ಆಳುಗಳು ಸಿಗುವುದಿಲ್ಲ, ಹಣ್ಣು ತುಂಬಿದ ಗಿಡದ ಮೇಲೆ ಮರ ಬೀಳಿಸಲು ಯಾರೂ ಒಪ್ಪುವುದಿಲ್ಲ. ಜೂನ್ ಬಂತೆಂದರೆ ಮಳೆ, ತೋಟದ ರಸ್ತೆಯಲ್ಲಿ ಲಾರಿ ಹೂತುಹೋಗುತ್ತದೆ. ಉಳಿಯುವುದು ಹೆಚ್ಚೆಂದರೆ 120 ಕೆಲಸದ ದಿನ. 200 ಲಾರಿ ಎಂದರೆ ಮೂರು ದಿನಕ್ಕೆ ಐದು ಲಾರಿ ತಪ್ಪದೆ ಬರಬೇಕು. ಸಂಬಳ, ಬಡ್ಡಿ ಮಾತ್ರ ಹನ್ನೆರಡು ತಿಂಗಳೂ ನಡೆಯುತ್ತವೆ.

ಅಷ್ಟು ಮರ ಇದೆಯೇ?

ಒಂದು ಬೆಳೆದ ಮರದಿಂದ 30 ಅಡಿ ಉದ್ದ, ನಡುವೆ 40 ಅಂಗುಲ ಸುತ್ತಳತೆಯ ಕಾಂಡ ದೊರೆತರೆ ಸುಮಾರು 20 ಘನ ಅಡಿಯಾಗುತ್ತದೆ. 60,000 ಅಡಿಗೆ ವರ್ಷಕ್ಕೆ 3,000 ಮರ ಬೇಕು. ನೆಟ್ಟು 25 ವರ್ಷಕ್ಕೆ ಕಡಿಯುವುದಾದರೆ, ಪ್ರತಿ ವರ್ಷವೂ ತಪ್ಪದೆ 3,000 ಮರ ಸಿಗಲು ಎಲ್ಲ ವಯಸ್ಸಿನವೂ ಸೇರಿ 75,000 ಮರ ಸದಸ್ಯರ ತೋಟಗಳಲ್ಲಿರಬೇಕು. ಎಕರೆಗೆ 50 ಮರವೆಂದು ಹಿಡಿದರೆ 1,500 ಎಕರೆ.

ಹತ್ತು ಜನ ಸಣ್ಣ ಬೆಳೆಗಾರರು ಸೇರಿ ಇಂಥ ಯಾರ್ಡು ನಡೆಸುವುದು ಸಾಧ್ಯವಿಲ್ಲ ಎಂಬುದು ಇದರಿಂದ ಸ್ಪಷ್ಟ. ಮೊದಲೆರಡು ವರ್ಷ ಉತ್ಸಾಹದಿಂದ ಮರ ಬರುತ್ತದೆ, ಮೂರನೆಯ ವರ್ಷ ಯಾರ್ಡು ಖಾಲಿ. ಸಾಲದ ಕಂತು ತುಂಬಲೆಂದು ಇನ್ನೂ ಬೆಳೆಯಬೇಕಾದ ಮರವನ್ನು ಕಡಿಯುವ ಆಸೆ ಹುಟ್ಟುತ್ತದೆ. ಇದು ಅತ್ಯಂತ ಅಪಾಯಕಾರಿ. ನೆರಳು ಹೋದರೆ ಕಾಫಿ ಸೊರಗುತ್ತದೆ, ಮರದೊಂದಿಗೆ ಮೆಣಸಿನ ಬಳ್ಳಿಯೂ ನೆಲ ಸೇರುತ್ತದೆ. ಮರದಿಂದ ಬಂದ ಹಣದಲ್ಲಿ ಕಳೆದುಕೊಂಡ ಮೆಣಸಿನ ಬೆಲೆಯನ್ನೂ ಮುರಿದ ಕಾಫಿ ಗಿಡದ ಬೆಲೆಯನ್ನೂ ಕಳೆದೇ ಲಾಭ ಹೇಳಬೇಕು. ಯಾರ್ಡು ತೋಟಕ್ಕಾಗಿ ಇರಬೇಕೇ ಹೊರತು ತೋಟ ಯಾರ್ಡಿಗಾಗಿ ಅಲ್ಲ.

ಆದ್ದರಿಂದ ಮೊದಲ ಕೆಲಸ ಮರ ಎಣಿಕೆ. ಪ್ರತಿಯೊಬ್ಬ ಸದಸ್ಯನೂ ತನ್ನ ತೋಟದ ಮರಗಳನ್ನು ಎದೆ ಎತ್ತರದಲ್ಲಿ ಅಳೆದು 24 ಅಂಗುಲದ ಒಳಗಿನವು, 24ರಿಂದ 36, 36ರಿಂದ 48, 48ಕ್ಕೆ ಮೇಲ್ಪಟ್ಟವು ಎಂದು ನಾಲ್ಕು ಪಟ್ಟಿ ಮಾಡಲಿ. ಈ ವರ್ಷ ಎಷ್ಟು, ಐದು ವರ್ಷದ ನಂತರ ಎಷ್ಟು, ಹತ್ತು ವರ್ಷದ ನಂತರ ಎಷ್ಟು ಸಿಗುತ್ತದೆ ಎಂಬುದು ಆಗ ಕಾಣುತ್ತದೆ. ಸಾಲದ ಅವಧಿ ಹತ್ತು ವರ್ಷವಾದರೆ ಮರದ ಭರವಸೆಯೂ ಹತ್ತು ವರ್ಷದ್ದಾಗಿರಬೇಕು.

ಲೆಕ್ಕ ಅಲುಗಿದರೆ?

ಕಾಗದದ ಮೇಲಿನ ಲೆಕ್ಕ ಎಂದೂ ಹಾಗೆಯೇ ನಡೆಯುವುದಿಲ್ಲ. ಪ್ಲೈವುಡ್ಡಿನ ದರ್ಜೆ ನೂರಕ್ಕೆ 30ರ ಬದಲು 20 ಮಾತ್ರ ಬಂತು, ಉಳಿದ 10 ಸಾಮಿಲ್ಲಿನ ದರ್ಜೆಗೆ ಇಳಿಯಿತು ಎನ್ನೋಣ. ಅಡಿಗೆ 12 ರೂಪಾಯಿ ಕಡಿಮೆಯಾಗಿ, ಉಳಿಯುವುದು 15ರ ಬದಲು 3 ರೂಪಾಯಿ. ಆಗ ಖರ್ಚು ತುಂಬಲು 60,000 ಅಡಿ ಸಾಲದು, 3,00,000 ಅಡಿ ಬೇಕು. ಅಂದರೆ ಯಾರ್ಡು ಮುಚ್ಚಿದಂತೆಯೇ. ಒಂದೇ ಒಂದು ದರ್ಜೆಯ ಅಂದಾಜು ತಪ್ಪಿದ್ದಕ್ಕೆ ಇಷ್ಟು ಪರಿಣಾಮ.

ಇನ್ನೊಂದು ಸ್ವಾರಸ್ಯವಿದೆ. ಯಾರ್ಡು ಬಂದ ಕೂಡಲೇ ಮರದ ವ್ಯಾಪಾರಿಗಳು ಸುಮ್ಮನಿರುವುದಿಲ್ಲ. ತೋಟದ ಬಾಗಿಲಲ್ಲೇ 300ರ ಬದಲು 310 ಕೊಡಲು ಮುಂದೆ ಬರುತ್ತಾರೆ. ಆಗ ಯಾರ್ಡಿನ ಉಳಿತಾಯ 15ರಿಂದ 5ಕ್ಕೆ ಇಳಿದು 1,80,000 ಅಡಿ ಬೇಕಾಗುತ್ತದೆ. ಸದಸ್ಯರೇ ಹತ್ತು ರೂಪಾಯಿಯ ಆಸೆಗೆ ಹೊರಗೆ ಮಾರುತ್ತಾರೆ. ಯಾರ್ಡು ನಷ್ಟದಲ್ಲಿದ್ದರೂ ಊರಿನ ಬೆಳೆಗಾರರಿಗೆಲ್ಲ ಅಡಿಗೆ 10 ರೂಪಾಯಿ ಲಾಭವಾಗಿರುತ್ತದೆ. ಆದರೆ ಬ್ಯಾಂಕಿನ ಕಂತು ಕಟ್ಟುವವರು ಊರಿನವರಲ್ಲ, ಯಾರ್ಡಿನ ಸದಸ್ಯರು. ಆದ್ದರಿಂದ ಪ್ರತಿ ಸದಸ್ಯನೂ ತಾನು ಕಡಿಯುವ ಮರದಲ್ಲಿ ಇಂತಿಷ್ಟು ಭಾಗವನ್ನು ಯಾರ್ಡಿಗೇ ತರುವುದಾಗಿ ಮೊದಲೇ ಬರೆದುಕೊಡಬೇಕು. ಬರೆದುಕೊಡಲು ಹಿಂಜರಿಯುವವರು ಹೆಚ್ಚಾಗಿದ್ದರೆ ಯಾರ್ಡಿನ ಯೋಚನೆಯನ್ನು ಅಲ್ಲಿಗೇ ಬಿಡುವುದು ಲೇಸು.

ಹಾಸಿಗೆ ಇದ್ದಷ್ಟು ಕಾಲು ಚಾಚಿ

ಹಾಗಾದರೆ ಸಣ್ಣ ಬೆಳೆಗಾರರಿಗೆ ದಾರಿಯೇ ಇಲ್ಲವೇ? ಇದೆ. ಕಟ್ಟಡ, ಯಂತ್ರ ಯಾವುದೂ ಇಲ್ಲದೆ ಹಂಗಾಮಿನ ಯಾರ್ಡಿನಿಂದ ಆರಂಭಿಸಬಹುದು. ರಸ್ತೆ ಬದಿಯ ಗಟ್ಟಿ ನೆಲವನ್ನು ಬಾಡಿಗೆಗೆ ಹಿಡಿಯಲು 60,000, ಗುಮಾಸ್ತ ಮತ್ತು ಕಾವಲುಗಾರನಿಗೆ 6 ತಿಂಗಳಿಗೆ 1,50,000, ದುಡಿಯುವ ಬಂಡವಾಳದ ಬಡ್ಡಿ 60,000, ಇತರೆ 30,000. ಒಟ್ಟು 3,00,000 ರೂಪಾಯಿ. ಎತ್ತುವ ಯಂತ್ರ ಬಾಡಿಗೆಯದಾದ್ದರಿಂದ ಅಡಿಗೆ 5 ರೂಪಾಯಿ ಹೆಚ್ಚು ತಗಲುತ್ತದೆ, ಉಳಿತಾಯ 10 ರೂಪಾಯಿಗೆ ಇಳಿಯುತ್ತದೆ. ಆದರೂ 30,000 ಅಡಿ, ಅಂದರೆ 100 ಲಾರಿ ಬಂದರೆ ಖರ್ಚು ಸರಿಹೋಗುತ್ತದೆ. ಅಡಿಯ ಲೆಕ್ಕದಲ್ಲಿ ಲಾಭ ಕಡಿಮೆ, ಮುಳುಗುವ ಭಯವೂ ಕಡಿಮೆ. ಹಂಗಾಮು ಸರಿಯಿಲ್ಲದಿದ್ದರೆ ಮುಂದಿನ ವರ್ಷ ಬಾಡಿಗೆ ಬಿಟ್ಟರಾಯಿತು.

ಅದಕ್ಕೂ ಮೊದಲು ಹತ್ತು ಲಾರಿ ಮರದಿಂದ ಪರೀಕ್ಷೆ ಮಾಡಿ. ಒಬ್ಬಿಬ್ಬರ ತೋಟದಲ್ಲೇ ವಿಂಗಡಿಸಿ, ದರ್ಜೆವಾರು ಅಳೆದು, ಬೇರೆ ಬೇರೆ ಗಿರಾಕಿಗೆ ಮಾರಿ, ಪ್ರತಿ ಖರ್ಚನ್ನೂ ಬರೆದಿಡಿ. ಯಾವ ಪುಸ್ತಕದ ಅಂಕಿಗಿಂತಲೂ ಆ ನೋಟ್‌ಬುಕ್ಕಿನ ಅಂಕಿ ನಿಮಗೆ ಹೆಚ್ಚು ನಿಜ ಹೇಳುತ್ತದೆ.

ಜಾಗ ಮತ್ತು ಜೋಪಾನ

ನೀರು ತಾನಾಗಿ ಹರಿದುಹೋಗುವಷ್ಟು ಅಲ್ಪ ಇಳಿಜಾರಿನ ಗಟ್ಟಿ ನೆಲ ಬೇಕು. ಗದ್ದೆಯ ಮಣ್ಣು ತುಂಬಿದ ಲಾರಿಯನ್ನು ತಾಳುವುದಿಲ್ಲ. ಕಾಫಿ ಒಣಗಿಸುವ ಕಣದ ಮೇಲೆ ದಿಮ್ಮಿ ಉರುಳಿಸಿದರೆ ಸಿಮೆಂಟು ಒಡೆಯುತ್ತದೆ. ಮುಖ್ಯ ರಸ್ತೆಗೆ ಹತ್ತಿರವಿರಲಿ. ಲಾರಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವಂತಿದ್ದರೆ ಉತ್ತಮ.

ದಿಮ್ಮಿಯನ್ನು ನೇರವಾಗಿ ನೆಲದ ಮೇಲಿಡದೆ ಅಡ್ಡ ಮರಗಳ ಮೇಲೆ ಪೇರಿಸಿ. ಬಿಸಿಲು ಬಿದ್ದ ತುದಿಗಳು ಸೀಳುತ್ತವೆ, ಆದ್ದರಿಂದ ತುದಿಗೆ ಡಾಂಬರು ಅಥವಾ ಮೇಣ ಬಳಿಯಿರಿ. ಪ್ಲೈವುಡ್ ಕಾರ್ಖಾನೆಗೆ ಹಸಿ ದಿಮ್ಮಿಯೇ ಬೇಕು. ಆ ದರ್ಜೆಯ ಲಾಟು ಮೊದಲು ಹೊರಡಲಿ. ತೂಕದ ಮೇಲೆ ಮಾರುವ ಮರವೂ ದಿನ ಕಳೆದಂತೆ ಒಣಗಿ ಹಗುರಾಗುತ್ತದೆ. ಮಳೆಗಾಲಕ್ಕೆ ಮೊದಲು ಯಾರ್ಡು ಖಾಲಿಯಾಗಬೇಕು. ಮಳೆಗೆ ಸಿಕ್ಕ ದಿಮ್ಮಿ ಬೂಷ್ಟು ಹಿಡಿದು, ಹುಳು ಕೊರೆದು ದರ್ಜೆ ಕಳೆದುಕೊಳ್ಳುತ್ತದೆ.

ಕಾಯಿದೆ ಮತ್ತು ಲೆಕ್ಕಪತ್ರ

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಸರ್ವೆ ಮುಂತಾದ ಕೆಲವು ಜಾತಿಗಳನ್ನು ಕಡಿಯುವ ಅನುಮತಿಯಿಂದ ಬಿಟ್ಟಿದ್ದಾರೆ. ಬೀಟೆ, ತೇಗ ಮುಂತಾದವಕ್ಕೆ ಈ ವಿನಾಯಿತಿ ಇಲ್ಲ. ಕೊಡಗಿನಲ್ಲಿ ಜಮೀನಿನ ಹಿಡುವಳಿಯ ಬಗೆಗೆ ತಕ್ಕಂತೆ ಮರದ ಹಕ್ಕೂ ಬೇರೆಯಾಗುತ್ತದೆ. ಆದ್ದರಿಂದ ಕಡಿಯುವುದು, ಸಾಗಿಸುವುದು, ಒಂದು ಕಡೆ ದಾಸ್ತಾನು ಮಾಡುವುದು ಈ ಮೂರರ ಬಗ್ಗೆಯೂ ವಲಯ ಅರಣ್ಯಾಧಿಕಾರಿಗಳಿಂದ ಲಿಖಿತವಾಗಿ ತಿಳಿದುಕೊಂಡೇ ಕೆಲಸ ಆರಂಭಿಸಿ. ಯಾರ್ಡಿನಲ್ಲಿ ಹಲಗೆ ಕೊಯ್ಯುವ ಯಂತ್ರ ಇಡುವ ಯೋಚನೆ ಮಾಡಬೇಡಿ. ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಆದೇಶ ನೀಡಿದ ನಂತರ ಸಾಮಿಲ್ಲುಗಳ ಮೇಲಿನ ನಿರ್ಬಂಧ ಬಿಗಿಯಾಗಿದೆ.

ಬಂದ ಪ್ರತಿ ದಿಮ್ಮಿಯ ಎರಡೂ ತುದಿಗೆ ಸದಸ್ಯನ ಸಂಖ್ಯೆ ಮತ್ತು ದಿಮ್ಮಿಯ ಸಂಖ್ಯೆಯನ್ನು ಬಣ್ಣದಲ್ಲಿ ಬರೆಯಬೇಕು. ಅಳತೆಯನ್ನು ಬೆಳೆಗಾರನ ಎದುರಿನಲ್ಲೇ ಪುಸ್ತಕಕ್ಕೆ ಏರಿಸಿ ನಕಲು ಚೀಟಿ ಕೊಡಬೇಕು. ಒಬ್ಬನ ಒಳ್ಳೆಯ ದಿಮ್ಮಿ ಇನ್ನೊಬ್ಬನ ಹೆಸರಿಗೆ ಹೋಯಿತೆಂಬ ಒಂದು ಮಾತು ಎದ್ದರೆ ಸಾಕು, ಸಂಘ ಒಡೆಯುತ್ತದೆ. ಬೆಲೆಯ ಒಂದು ಭಾಗವನ್ನು ಮುಂಗಡವಾಗಿಯೂ, ಉಳಿದದ್ದನ್ನು ಲಾಟು ಮಾರಾಟವಾದ ಮೇಲೂ ಕೊಡುವುದು ಸೂಕ್ತ. ಮುಚ್ಚಿದ ಟೆಂಡರಿನಲ್ಲಿ ಮಾರಿ, ಹಣ ಬಂದ ಮೇಲೆಯೇ ಲಾರಿ ಬಿಡಿ. ಉದ್ರಿ ಮಾರಾಟ ಬೇಡವೇ ಬೇಡ. ಸಂಸ್ಥೆಯನ್ನು ಸಹಕಾರ ಸಂಘವಾಗಿಯೋ, 1997ರ ಸೌಹಾರ್ದ ಕಾಯಿದೆಯಡಿಯೋ, ಉತ್ಪಾದಕರ ಕಂಪನಿಯಾಗಿಯೋ ನೋಂದಾಯಿಸಬಹುದು. ತೆರಿಗೆಯ ವಿಷಯವನ್ನು ಲೆಕ್ಕ ತಪಾಸಿಗರಲ್ಲಿ ಮೊದಲೇ ವಿಚಾರಿಸಿ ಖರ್ಚಿನಲ್ಲಿ ಸೇರಿಸಿಕೊಳ್ಳಿ.

ನಿರ್ಧಾರಕ್ಕೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಹತ್ತು ವರ್ಷಕ್ಕೆ ಸಾಕಾಗುವ ಮರ ಸದಸ್ಯರ ತೋಟಗಳಲ್ಲಿ ಇದೆಯೇ? ಎಣಿಸಿ ನೋಡಿದ್ದೇವೆಯೇ?
2. ಪ್ರತಿ ದರ್ಜೆಗೂ ಕಡೇಪಕ್ಷ ಇಬ್ಬರು ಗಿರಾಕಿಗಳಿದ್ದಾರೆಯೇ? ಒಬ್ಬನೇ ಇದ್ದರೆ ದರ ಹೇಳುವವನು ಅವನೇ.
3. ವಿಂಗಡಣೆಯಿಂದ ಹೆಚ್ಚುವ ಬೆಲೆಯನ್ನು ನಿಜವಾದ ಮಾರಾಟದಿಂದ ಕಂಡುಕೊಂಡಿದ್ದೇವೆಯೇ?
4. ಒಳ್ಳೆಯ ದರ್ಜೆ ಮೂರನೆಯ ಒಂದು ಭಾಗ ಕಡಿಮೆ ಬಂದರೂ ಯಾರ್ಡು ಉಳಿದೀತೇ?
5. ಎಷ್ಟು ಮರ ತರುತ್ತೇವೆಂದು ಸದಸ್ಯರು ಬರೆದುಕೊಟ್ಟಿದ್ದಾರೆಯೇ?

ಐದಕ್ಕೂ ಹೌದು ಎಂಬ ಉತ್ತರ ಬಂದರೆ ಧೈರ್ಯವಾಗಿ ಮುಂದುವರಿಯಿರಿ. ಮೂರಕ್ಕೋ ನಾಲ್ಕಕ್ಕೋ ಬಂದರೆ ಎರಡು ಹಂಗಾಮು ಬಾಡಿಗೆ ನೆಲದಲ್ಲಿ ನಡೆಸಿ ನೋಡಿ. ಅದಕ್ಕಿಂತ ಕಡಿಮೆಯಾದರೆ ಯಾರ್ಡಿನ ಮಾತು ಸದ್ಯಕ್ಕೆ ಬೇಡ. ಟೇಪು ಹಿಡಿದು ನಿಮ್ಮ ಮರವನ್ನು ನೀವೇ ಅಳೆಯಲು ಕಲಿಯಿರಿ, ದಪ್ಪ ತುಂಡನ್ನು ಸಣ್ಣದರಿಂದ ಬೇರೆ ಮಾಡಿ ದರ ಕೇಳಿ, ನೆರೆಯ ನಾಲ್ವರು ಸೇರಿ ಒಂದೇ ಸಲಕ್ಕೆ ಲಾರಿ ತುಂಬುವಷ್ಟು ಕೂಡಿಸಿ ಮಾರಿ. ಇಷ್ಟಕ್ಕೆ ಯಾವ ಸಾಲವೂ ಬೇಕಿಲ್ಲ.

ಇಪ್ಪತ್ತೈದು ವರ್ಷ ಕಾದು ಬೆಳೆಸಿದ ಮರದ ಬೆಲೆಯನ್ನು ಅರ್ಧ ಗಂಟೆಯ ಚೌಕಾಸಿಯಲ್ಲಿ ಕಳೆದುಕೊಳ್ಳಬಾರದು. ಹಾಗೆಯೇ ಆ ಮರದ ದುಡ್ಡನ್ನು ಲೆಕ್ಕ ಮಾಡದೆ ಕಟ್ಟಿದ ಯಾರ್ಡಿಗೂ ಸುರಿಯಬಾರದು.